ಹಳೇ ಶೋ ಕಾರ್ ಕಿಟ್ ಸಿಕ್ಕಿದೆಯಾ? ಬಿಚ್ಚಿ, ತೊಳೆದು, ಮತ್ತೆ ನಿಲ್ಲಿಸೋಣ ಬನ್ನಿ

ಅಮೆರಿಕದ ಶೋ ಕಾರುಗಳ ಹಳೆಯ ಪ್ಲಾಸ್ಟಿಕ್ ಕಿಟ್‌ಗಳು, ಅಂದರೆ ಬಿಡಿ ಭಾಗ ಜೋಡಿಸಿ ಮಾಡುವ ಪುಟ್ಟ ಮಾಡೆಲ್‌ಗಳು, ಎರಡು ರೂಪದಲ್ಲಿ ಸಿಗುತ್ತವೆ. ಒಂದು, ಡಬ್ಬಿಯನ್ನೇ ಒಡೆಯದ ಕಿಟ್. ಅದರ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಇನ್ನೊಂದು, ಯಾರೋ ಹುಡುಗ 1960ರ ದಶಕದಲ್ಲಿ ಟ್ಯೂಬ್ ಗಮ್ ಸುರಿದು ಜೋಡಿಸಿ, ಬ್ರಶ್‌ನಲ್ಲಿ ದಪ್ಪಗೆ ಬಣ್ಣ ಬಳಿದು, ಆಮೇಲೆ ಅಟ್ಟದ ಮೇಲೆ ಹಾಕಿ ಮರೆತದ್ದು. ಅಲ್ಲಿನ ಹವ್ಯಾಸಿಗಳು ಇದಕ್ಕೆ ‘ಗ್ಲೂ ಬಾಂಬ್’ ಅನ್ನುತ್ತಾರೆ. ಬೆಲೆ ಕಡಿಮೆ, ಆನ್‌ಲೈನ್ ಹರಾಜಿನಲ್ಲಿ ಸಿಗುತ್ತದೆ. ನನಗೆ ಇಷ್ಟ ಈ ಎರಡನೆಯದೇ. ಈ ಬರಹ ಅದನ್ನು ಸರಿಮಾಡುವ ಬಗ್ಗೆ.

ಉದಾಹರಣೆಗೆ ಒಂದೇ ಕಾರನ್ನು ಹಿಡಿದುಕೊಳ್ಳೋಣ: ಶೋ ಕಾರು ಕಟ್ಟುವುದರಲ್ಲಿ ಹೆಸರಾದ ಎಡ್ ರಾತ್ ಅವರ ಬೀಟ್ನಿಕ್ ಬ್ಯಾಂಡಿಟ್. 1961ರ ಕಾರು. ಅದರ 1/25 ಅಳತೆಯ ಕಿಟ್ಟನ್ನು ರೆವೆಲ್ ಕಂಪನಿ 1963ರಲ್ಲಿ ತಂದಿತು. ಆಮೇಲೆ ಎಷ್ಟೋ ಸಲ ಮರುಮುದ್ರಣ ಆಗಿದೆ, ಅಂದರೆ ಅದೇ ಕಿಟ್ ಮತ್ತೆ ತಯಾರಾಗಿ ಬಂದಿದೆ. ಹಾಗಾಗಿ ಭಾಗಗಳು ಸಿಗುವುದು ಅಷ್ಟು ಕಷ್ಟ ಅಲ್ಲ.

ಮೊದಲು ನಿಜವಾದ ಕಾರನ್ನು ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಶೋ ಕಾರು ಅಂದರೆ ದಿನಾ ಓಡಿಸುವ ಕಾರಲ್ಲ. ಟ್ರೇಲರ್ ಮೇಲೆ ಊರಿಂದೂರಿಗೆ ಹೋಗಿ, ದೊಡ್ಡ ಹಾಲ್‌ನಲ್ಲಿ ಹಗ್ಗದ ಆಚೆ ನಿಂತು, ಟಿಕೆಟ್ ತಗೊಂಡು ಬಂದ ಜನ ಬಾಯಿ ಬಿಟ್ಟು ನೋಡುವ ಕಾರು. ಹಾಗಾಗಿ ಅದರಲ್ಲಿ ಕಣ್ಣಿಗೆ ಕಾಣುವ ಪ್ರತಿಯೊಂದೂ ಬೇಕೆಂದೇ ಮಾಡಿದ್ದು. ಇಂಜಿನ್ ಕೆಳಗಿನ ಬೋಲ್ಟ್‌ಗೂ ಕ್ರೋಮ್ ಹಾಕಿಸಿದ್ದರೆ ಅದು ಕೆಳಗಿಟ್ಟ ಕನ್ನಡಿಯಲ್ಲಿ ಕಾಣಲಿ ಅಂತ.

ಬೀಟ್ನಿಕ್ ಬ್ಯಾಂಡಿಟ್ಟಿಗೆ ಹಳೆಯ ಓಲ್ಡ್ಸ್‌ಮೊಬೈಲ್ ಕಾರಿನ ಚಾಸಿಯನ್ನು, ಅಂದರೆ ಕೆಳಗಿನ ಚೌಕಟ್ಟನ್ನು, ಗಿಡ್ಡ ಮಾಡಿ ಬಳಸಿದ್ದಾರೆ. ಮುಂದೆ ಓಲ್ಡ್ಸ್‌ಮೊಬೈಲಿನದೇ ವಿ8 ಇಂಜಿನ್, ಅದರ ಮೇಲೆ ಇಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸೂಪರ್‌ಚಾರ್ಜರ್. ಮೈ ಫೈಬರ್‌ಗ್ಲಾಸಿನದು. ರಾತ್ ಮೈ ಮಾಡುತ್ತಿದ್ದ ರೀತಿ ಕೇಳಿ: ಚಾಸಿಯ ಮೇಲೆ ಪ್ಲಾಸ್ಟರ್ ಮೆತ್ತಿ ಕೈಯಲ್ಲೇ ಆಕಾರ ಕೊಟ್ಟು, ಅದರ ಮೇಲೆ ಫೈಬರ್‌ಗ್ಲಾಸ್ ಹೊದಿಸಿ, ಗಟ್ಟಿಯಾದ ಮೇಲೆ ಒಳಗಿನ ಪ್ಲಾಸ್ಟರನ್ನು ಕುಟ್ಟಿ ತೆಗೆಯುತ್ತಿದ್ದರು. ಸ್ಟೀರಿಂಗ್ ಚಕ್ರವೇ ಇಲ್ಲ. ನಡುವೆ ಒಂದು ಕೋಲು, ತಿರುಗಿಸುವುದು, ವೇಗ, ಬ್ರೇಕ್ ಎಲ್ಲಾ ಅದರಲ್ಲೇ. ತಲೆ ಮೇಲೆ ಪಾರದರ್ಶಕ ಗುಮ್ಮಟ, ಅಂದರೆ ಬಬಲ್ ಟಾಪ್. ಈ ಕಾರು ಈಗಲೂ ಇದೆ, ನೆವಾಡಾದ ರೀನೋ ಊರಿನ ನ್ಯಾಷನಲ್ ಆಟೊಮೊಬೈಲ್ ಮ್ಯೂಸಿಯಮ್ಮಿನಲ್ಲಿ. 1968ರಲ್ಲಿ ಹಾಟ್ ವೀಲ್ಸ್ ಶುರುವಾದಾಗ ಬಂದ ಮೊದಲ 16 ಆಟಿಕೆ ಕಾರುಗಳಲ್ಲಿ ಇದೂ ಒಂದು. ನಿಮ್ಮಲ್ಲಿ ಕೆಲವರು ಇದನ್ನು ಹೆಸರು ಗೊತ್ತಿಲ್ಲದೆಯೇ ನೋಡಿರುತ್ತೀರಿ.

ಫೋಟೋ ಕಲೆಹಾಕಿ. ಮುಂದೆ, ಹಿಂದೆ, ಎರಡೂ ಪಕ್ಕ, ಒಳಗೆ, ಇಂಜಿನ್. ಪ್ರತಿ ಫೋಟೋಗೂ ವರ್ಷ ಬರೆದಿಡಿ. ವರ್ಷ ಯಾಕೆ ಅಂತ ಈಗ ಹೇಳುತ್ತೇನೆ.

ಯಾವ ದಿನದ ಕಾರು ಅಂತ ನಿರ್ಧರಿಸಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಶೋ ಕಾರುಗಳು ಒಂದೇ ಥರ ಇರುತ್ತಿರಲಿಲ್ಲ. ಒಂದು ಸೀಸನ್ ಮುಗಿದ ಮೇಲೆ ಹೊಸ ಬಣ್ಣ, ಹೊಸ ಚಕ್ರ, ಹೊಸ ಸೀಟು. ಇಲ್ಲದಿದ್ದರೆ ಜನ ‘ಹೋದ ವರ್ಷ ನೋಡಿದ್ದೇ ಅಲ್ವಾ’ ಅಂದುಬಿಡುತ್ತಿದ್ದರು. ಹಾಗಾಗಿ ‘ಮೂಲ ರೂಪ’ ಅಂದರೆ ಯಾವುದು? ಅದನ್ನು ನೀವೇ ಆರಿಸಬೇಕು.

ನಿಜವಾದ ಕಾರುಗಳನ್ನು ಸರಿಮಾಡುವವರಿಗೂ ಇದೇ ಪ್ರಶ್ನೆ. ಹಿರೋಹಾಟಾ ಮರ್ಕ್ ಅಂತ ಒಂದು ಕಾರಿದೆ, 1951ರ ಮರ್ಕ್ಯುರಿಯನ್ನು ಬಾರಿಸ್ ಅಣ್ಣತಮ್ಮಂದಿರು ಬಾಬ್ ಹಿರೋಹಾಟಾಗಾಗಿ ಮಾರ್ಪಡಿಸಿದ್ದು. ಮೊದಲು ಅದಕ್ಕಿದ್ದದ್ದು ಎರಡು ಬಗೆಯ ಹಸಿರು. ಆಮೇಲೆ ಬಣ್ಣ ಬದಲಾಯಿತು, ಮಾಲೀಕರೂ ಬದಲಾದರು. 1959ರಲ್ಲಿ ಜಿಮ್ ಮೆಕ್‌ನೀಲ್ ಎಂಬ ಹುಡುಗ ಅದನ್ನು 500 ಡಾಲರಿಗೆ ಕೊಂಡ, ದಶಕಗಟ್ಟಲೆ ಜೋಪಾನ ಮಾಡಿದ, ಕೊನೆಗೆ ಆ ಮೊದಲ ಹಸಿರಿಗೇ ವಾಪಸ್ ತಂದ. 2022ರ ಹರಾಜಿನಲ್ಲಿ ಅದು ಸುಮಾರು 20 ಲಕ್ಷ ಡಾಲರಿಗೆ ಹೋಯಿತು. ಬೆಲೆ ಬಿಡಿ, ನನಗೆ ಮೆಚ್ಚಿಗೆ ಆಗುವುದು ಅವನು ಒಂದು ದಿನವನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಂಡದ್ದು.

ರಾತ್ ಅವರದೇ ಆರ್ಬಿಟ್ರಾನ್ ಕಥೆ ಇನ್ನೂ ಜೋರು. 1964ರ ಕಾರು. ವರ್ಷಗಟ್ಟಲೆ ಪತ್ತೆಯೇ ಇರಲಿಲ್ಲ. 2007ರಲ್ಲಿ ಮೆಕ್ಸಿಕೋದ ಸಿಯುಡಾಡ್ ಹುವಾರೆಸ್‌ನಲ್ಲಿ, ಒಂದು ಅಂಗಡಿ ಮುಂದೆ, ಬಬಲ್ಲೂ ಇಲ್ಲ ಮೂತಿಯೂ ಇಲ್ಲ ಅನ್ನುವ ಸ್ಥಿತಿಯಲ್ಲಿ ಸಿಕ್ಕಿತು. ಲಾಸ್ ಏಂಜಲೀಸಿನ ಗ್ಯಾಲ್ಪಿನ್ ಎಂಬ ಕಾರು ಕಂಪನಿಯವರು ಅದನ್ನು ಕೊಂಡು, ಡೇವ್ ಶೂಟೆನ್ ಕೈಯಲ್ಲಿ ಸರಿಮಾಡಿಸಿ, 2008ರಲ್ಲಿ ಜನರ ಮುಂದಿಟ್ಟರು. ಕಳೆದುಹೋದ ಮೂತಿಯನ್ನು ಹಳೇ ಫೋಟೋ ನೋಡಿಯೇ ಮತ್ತೆ ಮಾಡಬೇಕಿತ್ತು. ಆ ಮೂತಿಯ ಒಂದು ಪಕ್ಕದಲ್ಲಿ ಕೆಂಪು, ಹಸಿರು, ನೀಲಿ ಮೂರು ದೀಪ. ಮೂರೂ ಸೇರಿ ಬಿಳಿ ಬೆಳಕು ಬರಲಿ ಅಂತ. ಇನ್ನು ಆ ಕಾರು ಹಿಟ್ ಆಗದಿರಲು ಕಾರಣ ಇಂಜಿನ್ನನ್ನು ಮುಚ್ಚಿದ್ದು ಅಂತ ರಾತ್ ಅವರೇ ಹೇಳುತ್ತಿದ್ದರು. ಆದರೂ ಸರಿಮಾಡಿದವರು ಇಂಜಿನ್ ತೆರೆದು ‘ಚೆನ್ನಾಗಿ’ ಮಾಡಲಿಲ್ಲ. ಇದ್ದ ಹಾಗೇ ಮುಚ್ಚಿದರು. ಅದು ಸರಿಯಾದ ಕೆಲಸ. ನೀವು ಕಿಟ್ ಸರಿಮಾಡುವಾಗಲೂ ಇದೇ ನಿಯಮ: ಕಾರನ್ನು ತಿದ್ದಬೇಡಿ, ಅದು ಇದ್ದ ಹಾಗೆ ನಿಲ್ಲಿಸಿ.

ಕಿಟ್‌ಗಳಿಗೆ ಇನ್ನೊಂದು ಸೂಕ್ಷ್ಮ ಇದೆ. ಕಿಟ್ಟೂ ಕಾರೂ ಒಂದೇ ಅಲ್ಲದಿರಬಹುದು. ಟಾಮ್ ಡೇನಿಯಲ್ ವಿನ್ಯಾಸ ಮಾಡಿದ ರೆಡ್ ಬ್ಯಾರನ್ ನೋಡಿ. ಅಲ್ಲಿ ಮೊದಲು ಹುಟ್ಟಿದ್ದು ಮೊನೊಗ್ರಾಮ್ ಕಂಪನಿಯ ಕಿಟ್. ಅದು ಅಷ್ಟು ಜನಪ್ರಿಯ ಆಯಿತು ಅಂತ ಆಮೇಲೆ ಡೆಟ್ರಾಯಿಟ್‌ನ ಚಕ್ ಮಿಲ್ಲರ್ ನಿಜವಾದ ಕಾರು ಕಟ್ಟಿದರು. ಕಿಟ್ಟಿನಲ್ಲಿ ಮೊದಲ ಮಹಾಯುದ್ಧದ ಮರ್ಸಿಡಿಸ್ ವಿಮಾನ ಇಂಜಿನ್ ಇದೆ, ಕಾರಿನಲ್ಲಿ ಪಾಂಟಿಯಾಕ್ ಆರು ಸಿಲಿಂಡರ್ ಇಂಜಿನ್. ನೀವು ಕಿಟ್ಟಿಗೆ ನಿಷ್ಠರಾ, ಕಾರಿಗೆ ನಿಷ್ಠರಾ? ಎರಡೂ ಸರಿ. ಅರ್ಧ ಅದು ಅರ್ಧ ಇದು ಮಾತ್ರ ಬೇಡ. ನಿರ್ಧಾರವನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿ: ‘ಬೀಟ್ನಿಕ್ ಬ್ಯಾಂಡಿಟ್, 1961, ಮೊದಲ ಶೋ’. ಮುಂದೆ ಬರುವ ನೂರು ಚಿಕ್ಕ ಗೊಂದಲಕ್ಕೆ ಆ ಚೀಟಿಯೇ ಉತ್ತರ ಕೊಡುತ್ತದೆ.

ಬಿಚ್ಚುವ ಮುಂಚೆ

ಎಲ್ಲಾ ಕಡೆಯಿಂದ ಫೋಟೋ ತೆಗೆಯಿರಿ. ಡೆಕಲ್, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ, ಇದ್ದರೆ ಸ್ಕ್ಯಾನ್ ಮಾಡಿ, ಅಥವಾ ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರವಾಗಿ ಮೇಲಿಂದ ಫೋಟೋ ತೆಗೆಯಿರಿ. ಡೆಕಲ್ ಒಮ್ಮೆ ಹೋದರೆ ಮತ್ತೆ ಮಾಡಿಸಲು ಆ ಅಳತೆ ಬೇಕೇ ಬೇಕು. ಕಿಟ್ಟಿನ ಸೂಚನಾ ಹಾಳೆ ಇಲ್ಲದಿದ್ದರೆ ನೆಟ್‌ನಲ್ಲಿ ಹುಡುಕಿ ಪ್ರಿಂಟ್ ಹಾಕಿಸಿ, ಇರುವ ಭಾಗಕ್ಕೆ ಟಿಕ್ ಹಾಕುತ್ತಾ ಬನ್ನಿ. ಇಲ್ಲದ್ದು ಯಾವುದು ಅಂತ ಈಗಲೇ ಗೊತ್ತಾಗಲಿ. ಎಷ್ಟೋ ಸಲ ಸಣ್ಣ ಭಾಗಗಳೇ ಕಾಣೆಯಾಗಿರುತ್ತವೆ. ಆ ನಡುಕೋಲು, ಎಕ್ಸಾಸ್ಟ್ ಪೈಪು, ಇಂಥವು.

ಸಾಮಾನು ಬಹಳ ಬೇಡ. ಹರಿತವಾದ ಹವ್ಯಾಸಿ ಚಾಕು, ಸಣ್ಣ ಕಟ್ಟರ್, ಚಿಮಟ, 400ರಿಂದ 3000ದವರೆಗಿನ ವಾಟರ್ ಪೇಪರ್, ಪ್ಲಾಸ್ಟಿಕ್ ಮಾಡೆಲ್ ಸಿಮೆಂಟ್, ಫೆವಿಕ್ವಿಕ್, ಫೆವಿಕಾಲ್, ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ, ರಬ್ಬರ್ ಗ್ಲೌಸ್, ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಗಳು. ಬಣ್ಣ ಸ್ಪ್ರೇ ಮಾಡುವುದಾದರೆ ಸಾಲ್ವೆಂಟ್ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್. ಬಟ್ಟೆ ಮಾಸ್ಕ್ ಇದಕ್ಕೆ ಸಾಲದು. ಇದೊಂದರಲ್ಲಿ ದುಡ್ಡು ಉಳಿಸಬೇಡಿ.

ಬಿಚ್ಚುವುದು

ಹಳೇ ಟ್ಯೂಬ್ ಗಮ್ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತಿತ್ತು. ಆದರೆ ಎಷ್ಟೋ ಕಡೆ ಬೆಸುಗೆ ಮೇಲ್ಮೇಲೆ ಮಾತ್ರ. ನಮಗೆ ಅದೇ ಅನುಕೂಲ. ಇಡೀ ಮಾಡೆಲ್ಲನ್ನು ಜಿಪ್ ಕವರಿಗೆ ಹಾಕಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಬೆಳಗ್ಗೆ ತೆಗೆದ ಕೂಡಲೇ, ಇನ್ನೂ ತಣ್ಣಗಿರುವಾಗಲೇ, ಬೆಸುಗೆಯ ಗೆರೆಗೆ ಚಾಕುವಿನ ಹಿಂಬದಿ ಕೊಟ್ಟು ಮೆಲ್ಲಗೆ ತಿರುಚಿ. ಗಮ್ ಪೆಡಸಾಗಿರುತ್ತದೆ, ‘ಟಕ್’ ಅಂತ ಬಿಡುತ್ತದೆ. ಬಿಡದಿದ್ದರೆ ಬಲ ಹಾಕಬೇಡಿ, ಮತ್ತೆ ಫ್ರೀಜರ್‌ಗೆ ಇಡಿ. ಮೊದಲು ಚಕ್ರ, ಆಮೇಲೆ ಇಂಜಿನ್, ಆಮೇಲೆ ಒಳಾಂಗಣ, ಕೊನೆಗೆ ಮೈ ಮತ್ತು ಚಾಸಿ. ಬಬಲ್ ಮೈಗೆ ಅಂಟಿದ್ದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿ. ಪಾರದರ್ಶಕ ಸ್ಟೈರೀನ್ (ಕಿಟ್‌ಗಳ ಪ್ಲಾಸ್ಟಿಕ್) ತುಂಬಾ ಬೇಗ ಸೀಳುತ್ತದೆ.

ಯಾವ ಚೂರನ್ನೂ ಎಸೆಯಬೇಡಿ. ಮುರಿದದ್ದನ್ನೂ ಹೆಸರು ಬರೆದ ಕವರಿನಲ್ಲಿ ಇಡಿ.

ಹಳೇ ಬಣ್ಣ, ಹಳೇ ಕ್ರೋಮ್ ತೆಗೆಯುವುದು

ಆ ಕಾಲದ ಎನಾಮಲ್ ಬಣ್ಣಕ್ಕೆ ಗ್ಯಾರೇಜ್ ಅಂಗಡಿಯ ಬ್ರೇಕ್ ಆಯಿಲ್ ಸಾಕು, ಡಾಟ್ 3 ಅಂತ ಕೇಳಿ. ಮುಚ್ಚಳದ ಡಬ್ಬದಲ್ಲಿ ಮುಳುಗಿಸಿ ಒಂದೆರಡು ದಿನ ಬಿಡಿ, ಗ್ಲೌಸ್ ಹಾಕಿಕೊಂಡು ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ, ಆಮೇಲೆ ಪಾತ್ರೆ ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಅಕ್ರಿಲಿಕ್ ಬಣ್ಣ ಆಗಿದ್ದರೆ ಡೆಟಾಲ್ ಲಿಕ್ವಿಡ್ ಕೆಲಸ ಮಾಡುತ್ತದೆ. ಆದರೆ ಬಿಟ್ಟ ಬಣ್ಣವನ್ನು ಮೊದಲು ಡೆಟಾಲ್‌ನಲ್ಲೇ ಉಜ್ಜಿ ತೆಗೆದು ಆಮೇಲೆ ನೀರಿಗೆ ಹಾಕಿ. ನೇರ ನೀರಿಗೆ ಹಾಕಿದರೆ ಅಂಟಂಟು ಜಿಗುಟಾಗಿ ಕೂತುಬಿಡುತ್ತದೆ. ಎನ್‌ಸಿ ಥಿನ್ನರ್ ಹತ್ತಿರವೂ ತರಬೇಡಿ, ಮಾಡೆಲ್ಲೇ ಕರಗಿಹೋಗುತ್ತದೆ. ಬಬಲ್ಲನ್ನು ಇದ್ಯಾವುದರಲ್ಲೂ ಮುಳುಗಿಸಬೇಡಿ. ಅದಕ್ಕೆ ಉಗುರು ಬೆಚ್ಚಗಿನ ಸೋಪು ನೀರು ಮಾತ್ರ.

ಕಿಟ್ ಕ್ರೋಮ್ ಅಂದರೆ ನಿರ್ವಾತದಲ್ಲಿ ಕೂರಿಸಿದ ಅಲ್ಯೂಮಿನಿಯಂನ ತೆಳ್ಳನೆ ಪದರ. ಬಟ್ಟೆಗೆ ಹಾಕುವ ಬ್ಲೀಚ್ ದ್ರವದಲ್ಲಿ ಇಟ್ಟರೆ ಬೇಗ ಕರಗುತ್ತದೆ. ಗಾಳಿಯಾಡುವ ಕಡೆ ಮಾಡಿ, ಬ್ಲೀಚ್ ಜೊತೆ ಟಾಯ್ಲೆಟ್ ಆ್ಯಸಿಡ್ ಯಾವತ್ತೂ ಸೇರಬಾರದು, ವಿಷದ ಗಾಳಿ ಬರುತ್ತದೆ. ಮೂಲ ಕ್ರೋಮ್ ಚೆನ್ನಾಗಿಯೇ ಇದ್ದರೆ ತೆಗೆಯಲೇಬೇಡಿ. ಅಲ್ಲಲ್ಲಿ ಸ್ವಲ್ಪ ಸವೆದಿದ್ದರೂ ಉಳಿಸಿಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಅಷ್ಟು ವರ್ಷದ ಹಿಂದಿನ ಹೊಳಪಿಗೆ ಅದರದೇ ಚೆಂದ ಇದೆ.

ಮೈ ಸರಿಮಾಡುವುದು

ಗಮ್ ಸುರಿದು ಕರಗಿದ ಗುಂಡಿಗಳು, ಬೆರಳಚ್ಚು ಮೂಡಿದ ಜಾಗಗಳು, ಅಚ್ಚಿನ ಗೆರೆಗಳು ಇದ್ದೇ ಇರುತ್ತವೆ. ಸಣ್ಣ ಗುಂಡಿಗೆ ಫೆವಿಕ್ವಿಕ್ ತುಂಬಿ, ಗಟ್ಟಿಯಾದ ಒಂದು ಗಂಟೆಯೊಳಗೇ ಉಜ್ಜಿ. ತಡ ಮಾಡಿದರೆ ಅದು ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಉಜ್ಜುವಾಗ ಪಕ್ಕದ್ದೇ ತಗ್ಗಾಗುತ್ತದೆ. ದೊಡ್ಡದಕ್ಕೆ ಎಪಾಕ್ಸಿ ಪುಟ್ಟಿ. ನಮ್ಮ ಟಿಂಕರಿಂಗ್ ಶೆಡ್‌ಗಳಲ್ಲಿ ಲಪ್ಪ, ಅಂದರೆ ಪುಟ್ಟಿ, ಹಾಕುವವರು ಮಾಡುವುದನ್ನೇ ಇಲ್ಲೂ ಮಾಡಿ: ಪೇಪರನ್ನು ಬರಿಗೈಯಲ್ಲಿ ಹಿಡಿಯದೆ ಸಣ್ಣ ಮರದ ತುಂಡಿಗೆ ಸುತ್ತಿ, ನೀರು ಹಾಕುತ್ತಾ ಉಜ್ಜಿ. ಬೆರಳಲ್ಲಿ ಉಜ್ಜಿದರೆ ಅಲೆ ಅಲೆ ಬರುತ್ತದೆ, ಹೊಳಪು ಬಣ್ಣ ಬಿದ್ದ ಮೇಲೆ ಆ ಅಲೆ ಎದ್ದು ಕಾಣುತ್ತದೆ.

ಕಾಣೆಯಾದ ಭಾಗಕ್ಕೆ ಮೂರು ದಾರಿ. ಮರುಮುದ್ರಣದ ಕಿಟ್ ಕೊಂಡು ಅದರಿಂದ ತೆಗೆದುಕೊಳ್ಳುವುದು, ಇನ್ನೊಂದು ಗ್ಲೂ ಬಾಂಬ್‌ನಿಂದ ತೆಗೆಯುವುದು, ಅಥವಾ ನೀವೇ ಮಾಡುವುದು. ಕೋಲು, ಪೈಪು, ಸರಳು ಇವಕ್ಕೆ ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಸ್ಪ್ರೂ ಕಡ್ಡಿಯೇ ಸಾಕು. ಮೇಣದಬತ್ತಿಯ ಮೇಲೆ, ಉರಿಗೆ ತಾಗದಂತೆ, ತಿರುಗಿಸುತ್ತಾ ಕಾಯಿಸಿ. ಮೆತ್ತಗಾದ ಕೂಡಲೇ ಎಳೆದರೆ ಬೇಕಾದಷ್ಟು ಸಣ್ಣ ಆಗುತ್ತದೆ.

ಬಬಲ್

ಕಾರಿನ ಜೀವ ಇಲ್ಲಿದೆ. ನಿಜವಾದ ಕಾರುಗಳಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅಂಚು ಬಿಗಿಹಿಡಿದು, ಗಾಳಿ ಕೊಟ್ಟು ಉಬ್ಬಿಸುತ್ತಿದ್ದರು. ಅಚ್ಚು ಮುಟ್ಟದ್ದರಿಂದ ಗಾಜಿನಂಥ ಮೈ ಬರುತ್ತಿತ್ತು. ನಮ್ಮ ಚಿಕ್ಕ ಬಬಲ್ ಗೀಚಿರುತ್ತದೆ, ಅಷ್ಟೇ ತಾನೇ? ಗೀಚು ಆಳ ಇಲ್ಲದಿದ್ದರೆ ಉಳಿಸಬಹುದು. 2000 ಪೇಪರನ್ನು ನೀರಲ್ಲಿ ನೆನೆಸಿ ಒಂದೇ ದಿಕ್ಕಿಗೆ ಉಜ್ಜಿ. ಇಡೀ ಬಬಲ್ ಮಂಜು ಕವಿದಂತೆ ಬೆಳ್ಳಗಾಗುತ್ತದೆ, ಹೆದರಬೇಡಿ. ಆಮೇಲೆ 3000, ಅಡ್ಡ ದಿಕ್ಕಿಗೆ. ಹಿಂದಿನ ಗೆರೆಗಳು ಪೂರ್ತಿ ಹೋದವೋ ಇಲ್ಲವೋ ಬೆಳಕಿಗೆ ಹಿಡಿದು ನೋಡಿಯೇ ಮುಂದೆ ಹೋಗಿ. ಕೊನೆಗೆ ಪ್ಲಾಸ್ಟಿಕ್ ಪಾಲಿಶ್, ಅದಿಲ್ಲದಿದ್ದರೆ ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್, ಮೆತ್ತನೆ ಹತ್ತಿ ಬಟ್ಟೆಯಲ್ಲಿ. ಸಾವಕಾಶವಾಗಿ ತಿಳಿಯಾಗುತ್ತಾ ಬರುತ್ತದೆ. ಜೋರಾಗಿ ಉಜ್ಜಿ ಬಿಸಿ ಮಾಡಬೇಡಿ.

ಸೀಳಿದ್ದರೆ ಹೊಸದು ಮಾಡಬೇಕು. ಹಳೇ ಬಬಲ್ಲಿನ ಒಳಗೆ ತೆಳ್ಳಗೆ ವ್ಯಾಸಲೀನ್ ಸವರಿ ಎಪಾಕ್ಸಿ ಪುಟ್ಟಿ ತುಂಬಿ. ಗಟ್ಟಿಯಾದ ಮೇಲೆ ತೆಗೆದು ನುಣ್ಣಗೆ ಉಜ್ಜಿ, ಒಂದು ಮರದ ಕೋಲಿನ ಮೇಲೆ ನಿಲ್ಲಿಸಿ. ತೆಳು ಪಾರದರ್ಶಕ ಪಿಇಟಿ ಹಾಳೆಯನ್ನು ಮರದ ಚೌಕಟ್ಟಿಗೆ ಪಿನ್ ಹೊಡೆದು ಹೀಟ್ ಗನ್‌ನಲ್ಲಿ ಕಾಯಿಸಿ. ಅದು ಜೋತುಬಿದ್ದ ಕ್ಷಣ ಅಚ್ಚಿನ ಮೇಲೆ ಒಂದೇ ಏಟಿಗೆ ಕೆಳಗೆ ಒತ್ತಿ. ಮೊದಲ ಹಾಳೆಯಲ್ಲೇ ಬರುತ್ತದೆ ಅಂದುಕೊಳ್ಳಬೇಡಿ, ನಾಲ್ಕೈದು ಹಾಳೆ ಇಟ್ಟುಕೊಂಡೇ ಕೂರಿ. ಅಚ್ಚಿನಲ್ಲಿ ಒಂದು ಕೂದಲು ಇದ್ದರೂ ಬಬಲ್ಲಿನಲ್ಲಿ ಮೂಡುತ್ತದೆ.

ಬಬಲ್ಲನ್ನು ಫೆವಿಕ್ವಿಕ್‌ನಲ್ಲಿ ಅಂಟಿಸಬೇಡಿ. ಅದರ ಆವಿಗೆ ಬಿಳಿ ಪೊರೆ ಕಟ್ಟುತ್ತದೆ. ಫೆವಿಕಾಲ್ ಸಾಕು, ಒಣಗಿದಾಗ ತಿಳಿಯಾಗುತ್ತದೆ.

ಬಣ್ಣ: ಇಲ್ಲಿ ಅವಸರ ಬೇಡ

ಕಿಟ್ಟಿನ ಪ್ಲಾಸ್ಟಿಕ್ ಬಣ್ಣದ್ದಾಗಿದ್ದರೆ, ಅದರಲ್ಲೂ ಕೆಂಪು ಆಗಿದ್ದರೆ, ಮೇಲೆ ಬಿಳಿ ಹೊಡೆದ ಮೇಲೆ ಒಳಗಿನ ಕೆಂಪು ಮೆಲ್ಲಗೆ ಮೇಲಕ್ಕೆ ಬಂದು ಗುಲಾಬಿಯಾಗುತ್ತದೆ. ಅದಕ್ಕೆ ಪ್ರೈಮರ್ ಆದ ಮೇಲೆ ಒಂದು ಪದರ ಬೆಳ್ಳಿ ಬಣ್ಣ ಹೊಡೆದರೆ ತಡೆಯಾಗುತ್ತದೆ, ಅದರ ಮೇಲೆ ಮತ್ತೆ ಪ್ರೈಮರ್.

ಶೋ ಕಾರುಗಳ ಬಣ್ಣ ಮುಖ್ಯವಾಗಿ ಮೂರು ಬಗೆ: ಪರ್ಲ್, ಕ್ಯಾಂಡಿ, ಮೆಟಲ್‌ಫ್ಲೇಕ್. ಪರ್ಲ್ ಸುಲಭ. ಹೊಳಪು ಬಿಳಿ ಹಾಕಿ ಅದರ ಮೇಲೆ ಪರ್ಲ್ ಬೆರೆಸಿದ ಪಾರದರ್ಶಕ ಪದರ ಹೊಡೆಯುವುದು, ಅಷ್ಟೇ.

ಕ್ಯಾಂಡಿ ಹಾಗಲ್ಲ. ಇದನ್ನು ಹೆಸರಾಗಿಸಿದವರು ಜೋ ಬೈಲನ್, ಅವರ ಕ್ಯಾಂಡಿ ಆ್ಯಪಲ್ ಕೆಂಪು ಕಸ್ಟಮ್ ಕಾರುಗಳ ಗುರುತೇ ಆಗಿಹೋಯಿತು. ಗುಟ್ಟು ಇಷ್ಟು: ಕೆಳಗೆ ಬೆಳ್ಳಿ ಅಥವಾ ಚಿನ್ನದ ಬಣ್ಣ, ಅದರ ಮೇಲೆ ಬಣ್ಣದ ನೀರಿನಂಥ ಪಾರದರ್ಶಕ ಪದರಗಳು, ಒಂದರ ಮೇಲೊಂದು. ಬೆಳಕು ಒಳಗೆ ಹೋಗಿ, ಕೆಳಗಿನ ಲೋಹದ ಬಣ್ಣಕ್ಕೆ ಬಡಿದು, ವಾಪಸ್ ಬಣ್ಣದ ಮೂಲಕವೇ ಹೊರಗೆ ಬರುತ್ತದೆ. ಅದಕ್ಕೇ ಆ ಆಳ. ಚಿನ್ನದ ಮೇಲೆ ಕೆಂಪು ಹೊಡೆದರೆ ಬೆಚ್ಚಗೆ ಕಾಣುತ್ತದೆ, ಬೆಳ್ಳಿಯ ಮೇಲೆ ತಣ್ಣಗೆ. ಪ್ರತಿ ಪದರಕ್ಕೂ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ಇಲ್ಲಿಂದ ಎರಡು ನಿಯಮ ಹುಟ್ಟುತ್ತವೆ. ಒಂದು, ಬಾನೆಟ್, ಬಾಗಿಲು ಏನೇ ಬಿಡಿ ಭಾಗ ಇದ್ದರೂ ಮೈ ಜೊತೆಗೇ, ಅದೇ ಹೊತ್ತಿಗೆ, ಅಷ್ಟೇ ಪದರ ಹೊಡೆಯಿರಿ. ನಾಳೆ ಹೊಡೆದರೆ ಬಣ್ಣ ಕೂಡುವುದಿಲ್ಲ. ಎರಡು, ಅಂಚು ಮತ್ತು ಮೂಲೆಗಳಿಗೆ ಎರಡು ಸಲ ಬೀಳದಂತೆ ನೋಡಿಕೊಳ್ಳಿ. ಅಲ್ಲಿ ಕಪ್ಪು ಪಟ್ಟೆ ಕಾಣುತ್ತದೆ, ಕ್ಯಾಂಡಿಯಲ್ಲಿ ಅದನ್ನು ಮುಚ್ಚಲು ದಾರಿಯಿಲ್ಲ, ಪೂರ್ತಿ ಕಿತ್ತು ಮತ್ತೆ ಮೊದಲಿಂದ.

ಮೆಟಲ್‌ಫ್ಲೇಕ್‌ನಲ್ಲಿ ಲೆಕ್ಕ ಮುಖ್ಯ. ದೊಡ್ಡ ಕಾರಿಗೆ ಹಾಕುವ ಮಿನುಗು ಚೂರು ಸುಮಾರು 0.2 ಮಿ.ಮೀ. ಅಂದುಕೊಳ್ಳಿ. ಅದನ್ನೇ 1/25 ಮಾಡೆಲ್ ಮೇಲೆ ಹಾಕಿದರೆ, ಕಾರಿನ ಅಳತೆಗೆ ಅದು 5 ಮಿ.ಮೀ. ಚೂರಾಯಿತು. ನೋಡಿದ ಕೂಡಲೇ ಆಟಿಕೆ ಅನ್ನಿಸುತ್ತದೆ. ಕರಕುಶಲ ಅಂಗಡಿಯ ಗ್ಲಿಟರ್ ಬೇಡ. ಉಗುರು ಬಣ್ಣಕ್ಕೆ ಬೆರೆಸುವ ಅತಿ ಸಣ್ಣ ಪುಡಿ, ಇಲ್ಲವೇ ದಪ್ಪ ಕಣದ ಮೆಟಾಲಿಕ್ ಬಣ್ಣವೇ ಸಾಕು.

ಬಣ್ಣದ ಸ್ಪ್ರೇ ಡಬ್ಬಿಗಳು ವಿಮಾನದ ಪಾರ್ಸೆಲ್‌ನಲ್ಲಿ ಬರುವುದಿಲ್ಲ. ಆದ್ದರಿಂದ ಬಣ್ಣ ಇಲ್ಲೇ ಕೊಳ್ಳಬೇಕು. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿಗಳಲ್ಲಿ ಥಿನ್ನರ್ ಖಾರ ಜಾಸ್ತಿ, ಬರಿ ಪ್ಲಾಸ್ಟಿಕ್ಕನ್ನು ತಿಂದುಹಾಕಬಹುದು. ಮೊದಲು ಸ್ಪ್ರೂ ಕಡ್ಡಿ ಮೇಲೆ ಹೊಡೆದು ಒಂದು ದಿನ ಬಿಟ್ಟು ನೋಡಿ. ಇನ್ನು ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಳೆಗಾಲದಲ್ಲಿ ಲ್ಯಾಕರ್, ಅಂದರೆ ಥಿನ್ನರ್ ಆರಿ ಬೇಗ ಒಣಗುವ ಹೊಳಪು ಬಣ್ಣ, ಹೊಡೆಯಲು ಹೋಗಬೇಡಿ. ಗಾಳಿಯ ತೇವ ಹಿಡಿದು ಹೊಳಪಿನ ಮೇಲೆ ಬೂದು ಬೂದು ಮಂಜು ಕೂರುತ್ತದೆ. ಒಣ ಹವೆಯ ದಿನಕ್ಕೆ ಕಾಯಿರಿ, ಅಲ್ಲಿಯವರೆಗೆ ಇಂಜಿನ್ ಕೆಲಸ ಮಾಡಿಕೊಳ್ಳಿ.

ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ) ಹೊಡೆದ ನಂತರ ಕನಿಷ್ಠ ಒಂದು ವಾರ ಮುಟ್ಟಬೇಡಿ. ಮೂಗಿಗೆ ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲ ಅಂತ ಅರ್ಥ. ಪೂರ್ತಿ ಒಣಗಿದ ಮೇಲೆ 3000 ಪೇಪರ್, ಪಾಲಿಶ್.

ಕ್ರೋಮ್ ಮತ್ತು ಇಂಜಿನ್

ಬ್ಲೀಚ್‌ನಲ್ಲಿ ಹೋದ ಕ್ರೋಮಿಗೆ ಬದಲಿ ಎರಡು. ಆಲ್ಕ್ಲಾಡ್ ಥರದ ಲೋಹದ ಲ್ಯಾಕರ್, ಏರ್‌ಬ್ರಶ್ ಇದ್ದವರಿಗೆ. ಅದರ ಕೆಳಗೆ ಕನ್ನಡಿಯಂಥ ಹೊಳಪು ಕಪ್ಪು ಇರಲೇಬೇಕು, ಹೊಳಪೆಲ್ಲಾ ಆ ಕಪ್ಪಿನಿಂದಲೇ ಬರುವುದು. ಇನ್ನೊಂದು ಮೊಲೊಟೊವ್ ಕ್ರೋಮ್ ಪೆನ್ನು, ಸಣ್ಣ ಭಾಗಕ್ಕೆ ತುಂಬಾ ಚೆನ್ನಾಗಿದೆ. ಹಚ್ಚಿದ ಮೇಲೆ ದಿನಗಟ್ಟಲೆ ಬೆರಳು ತಾಗಿಸಬೇಡಿ, ಮೇಲೆ ಕ್ಲಿಯರ್ ಹೊಡೆಯಬೇಡಿ, ಮಂಕಾಗಿಬಿಡುತ್ತದೆ. ಕ್ರೋಮ್ ಇರುವ ಭಾಗ ಅಂಟಿಸುವಾಗ ಕೂಡುವ ಜಾಗದಲ್ಲಿ ಕ್ರೋಮ್ ಕೆರೆದು ಪ್ಲಾಸ್ಟಿಕ್ ಕಾಣುವಂತೆ ಮಾಡಿ. ಇಲ್ಲದಿದ್ದರೆ ಸಿಮೆಂಟ್ ಹಿಡಿಯುವುದೇ ಇಲ್ಲ.

ಬ್ಯಾಂಡಿಟ್‌ನ ಇಂಜಿನ್ ಬಯಲಲ್ಲೇ ಕೂತಿದೆ. ಆದ್ದರಿಂದ ಸ್ಪಾರ್ಕ್ ಪ್ಲಗ್ ವೈರ್ ಹಾಕಿದರೆ ಇಡೀ ಮಾಡೆಲ್ ಬದಲಾಗುತ್ತದೆ. ನಿಜವಾದ ವೈರ್ 8 ಮಿ.ಮೀ. ದಪ್ಪ ಅಂದರೆ 25ರಿಂದ ಭಾಗಿಸಿ, 0.32 ಮಿ.ಮೀ. ಬೇಕು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿದರೆ ಆ ಸೈಜಿನ ತಾಮ್ರದ ತಂತಿ ಒಂದಷ್ಟು ಕೊಡುತ್ತಾರೆ. ವಿ8ಗೆ ಎಂಟು ವೈರ್, ಕಾಯಿಲ್‌ನಿಂದ ಬರುವ ಒಂದು, ಒಟ್ಟು ಒಂಬತ್ತು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ 0.35 ಮಿ.ಮೀ. ಡ್ರಿಲ್ ಬಿಟ್ಟಿನಿಂದ, ಕೈಯಲ್ಲಿ ತಿರುಗಿಸುವ ಪಿನ್ ವೈಸ್‌ನಲ್ಲಿ, ರಂಧ್ರ ಕೊರೆಯಿರಿ. ತಂತಿಗೆ ಮೊದಲೇ ಬಣ್ಣ ಹಚ್ಚಿ ಒಣಗಿಸಿಕೊಳ್ಳಿ. ಎಲ್ಲವೂ ಇಂಜಿನ್ ಮೇಲೆ ಒಂದೇ ಬಳುಕಿನಲ್ಲಿ ಬೀಳಬೇಕು, ಚಿಮಟದಲ್ಲಿ ಚೂಪಾಗಿ ಮಡಚಬೇಡಿ.

ಒಳಾಂಗಣ, ಡೆಕಲ್

ಆ ಕಾಲದ ಶೋ ಕಾರುಗಳ ಒಳಗೆ ವೆಲ್ವೆಟ್ಟು, ಉಬ್ಬು ಸೀಟು, ಕೆಲವೊಮ್ಮೆ ತುಪ್ಪಳ. ಇದಕ್ಕೆ ಫ್ಲಾಕಿಂಗ್ ಪುಡಿ, ಅಂದರೆ ಅತಿ ಸಣ್ಣ ನಾರಿನ ಪುಡಿ, ಸಿಗುತ್ತದೆ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ನೆಲಕ್ಕೆ ಹಚ್ಚಿ, ಚಹಾ ಸೋಸುವ ಜಾಲರಿಯಿಂದ ಪುಡಿ ಉದುರಿಸಿ, ಒಣಗಿದ ಮೇಲೆ ತಲೆಕೆಳಗು ಮಾಡಿ ತಟ್ಟಿ. ಪುಡಿ ಅದೇ ಬಣ್ಣದ್ದಿಲ್ಲದಿದ್ದರೆ ಕೆಳಗಿನ ಪ್ಲಾಸ್ಟಿಕ್‌ಗೆ ಮೊದಲು ಆ ಬಣ್ಣ ಹಚ್ಚಿರಿ, ಸಂದಿ ಕಾಣುವುದಿಲ್ಲ.

ಹಳೇ ಡೆಕಲ್ ಹಾಳೆ ಹಳದಿಯಾಗಿದ್ದರೆ ಜಿಪ್ ಕವರಿಗೆ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಡಿ, ಬಹಳ ಮಟ್ಟಿಗೆ ಬಿಳುಪಾಗುತ್ತದೆ. ಬೇಡದ ಒಂದು ತುಂಡನ್ನು ನೀರಿಗೆ ಹಾಕಿ ನೋಡಿ. ಚೂರುಚೂರಾದರೆ ಇಡೀ ಹಾಳೆಗೆ ಕ್ಲಿಯರ್ ಒಂದು ಪದರ ಹೊಡೆದು, ಆಮೇಲೆ ಒಂದೊಂದನ್ನೇ ಅಂಚಿಗೆ ಸರಿಯಾಗಿ ಕತ್ತರಿಸಿ ಬಳಸಿ.

ನಿಲ್ಲಿಸುವುದು

ಶೋಗಳಲ್ಲಿ ಕಾರನ್ನು ಬರಿನೆಲದ ಮೇಲೆ ನಿಲ್ಲಿಸುತ್ತಿರಲಿಲ್ಲ. ಸುತ್ತ ಏಂಜಲ್ ಹೇರ್ ಅನ್ನುವ ಬಿಳಿ ನಾರು ಹರಡಿ, ಕೆಳಗೆ ಕನ್ನಡಿ ಇಟ್ಟು, ಮುಂದೆ ಹೆಸರಿನ ಫಲಕ. ನೀವೂ ಒಂದು ಕನ್ನಡಿ ತುಂಡು, ತೆಳ್ಳಗೆ ಬಿಡಿಸಿದ ಹತ್ತಿ ಇಟ್ಟರೆ ಆ ಕಾಲ ಕಣ್ಮುಂದೆ ಬರುತ್ತದೆ. ಡೆಟ್ರಾಯಿಟ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿ ಪ್ರತಿವರ್ಷ ಚಳಿಗಾಲದ ಕೊನೆಗೆ ಆಟೊರಾಮಾ ಅನ್ನುವ ಕಸ್ಟಮ್ ಕಾರುಗಳ ಶೋ ನಡೆಯುತ್ತದೆ, ಒಮ್ಮೆ ಹೋಗಿಬನ್ನಿ. ಫೋಟೋದಲ್ಲಿ ಕಾಣದ ಕ್ಯಾಂಡಿಯ ಆಳ ಅಲ್ಲಿ ಕಣ್ಣಾರೆ ಕಾಣುತ್ತದೆ. ಊರಿನಲ್ಲಿರುವ ನಮಗೆ ಅಂಥ ಕಾರು ಕಟ್ಟಿ ರಸ್ತೆಗಿಳಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. 1/25ಕ್ಕೆ ಅಂಥ ಅಡ್ಡಿಯೇನಿಲ್ಲ.

ಕೊನೆಯದಾಗಿ ಟೈರು. ಹಳೇ ಕಿಟ್‌ಗಳ ಮೆತ್ತನೆ ವಿನೈಲ್ ಟೈರಿನಿಂದ ಎಣ್ಣೆಯಂಥ ಅಂಶ ಮೆಲ್ಲಗೆ ಹೊರಗೆ ಬಂದು ಅದು ತಾಗಿದ ಸ್ಟೈರೀನನ್ನು ಕರಗಿಸುತ್ತದೆ. ಹಳೇ ಡಬ್ಬಿಗಳಲ್ಲಿ ಟೈರಿನ ಗುರುತು ಬಾನೆಟ್ ಮೇಲೆ ಅಚ್ಚೊತ್ತಿರುವುದು ಇದಕ್ಕೇ. ಚಕ್ರ ಮತ್ತು ಟೈರಿನ ನಡುವೆ ಪ್ಲಂಬರ್‌ಗಳ ಬಿಳಿ ಟೆಫ್ಲಾನ್ ಟೇಪ್ ಒಂದು ಸುತ್ತು ಹಾಕಿ, ಹೊರಗೆ ಕಾಣುವುದಿಲ್ಲ. ಟೈರು ಪ್ಲಾಸ್ಟಿಕ್ ಕಟ್ಟೆಯ ಮೇಲೆ ನೇರ ಕೂರದಿರಲಿ, ಗಾಜು ಅಥವಾ ಕನ್ನಡಿಯ ಮೇಲೆ ಕೂರಲಿ. ಬಿಸಿಲು ಬೀಳುವ ಕಿಟಕಿಯಿಂದ ದೂರ ಇಡಿ, ಕ್ಯಾಂಡಿ ಬಣ್ಣಗಳು ಬಿಸಿಲಿಗೆ ಎಲ್ಲಕ್ಕಿಂತ ಬೇಗ ಮಾಸುತ್ತವೆ. ಧೂಳು ಬಿದ್ದರೆ ಬಟ್ಟೆಯಲ್ಲಿ ಒರೆಸದೆ ಮೆತ್ತನೆ ಮೇಕಪ್ ಬ್ರಶ್‌ನಲ್ಲಿ ಹಾರಿಸಿ. ಬಿಚ್ಚುವಾಗ ಕವರಿನಲ್ಲಿ ಎತ್ತಿಟ್ಟ ಹಳೇ ಚೂರುಗಳನ್ನೂ, ಆ ನಿರ್ಧಾರದ ಚೀಟಿಯನ್ನೂ ಅದೇ ಪೆಟ್ಟಿಗೆಯಲ್ಲಿ ಇಟ್ಟುಬಿಡಿ. ಮುಂದೆ ಯಾರಾದರೂ ಇದನ್ನು ಮತ್ತೆ ಬಿಚ್ಚುವ ಹೊತ್ತಿಗೆ ಅವರಿಗೆ ಬೇಕಾಗುತ್ತದೆ.